ಹುಳಿಗೆ ಬಾಯಿ ಬಿಡುವ ಯಜಮಾನರು

ನನ್ನ ಹೆಂಡತಿಯ ಪಕ್ಕದ ಬೆಂಚಿನ ಡಾಕ್ಟರ್ ಸಾಹೇಬರಿಗೆ,

'ಪ್ರೀತಿಯ' ಎಂದು ಶುರುಮಾಡಲು ಕೈ ಬರಲಿಲ್ಲ. ಬರೀ ನಮಸ್ಕಾರ.

ನಿನ್ನೆ ನಾನು ನಿಮ್ಮ ಲ್ಯಾಬಿಗೆ ಬಂದದ್ದು ತೀರಿಹೋದವಳ ಕನ್ನಡಕ, ಕೋಟು ಒಯ್ಯಲು ಎಂದುಕೊಂಡಿರಿ. ಅದು ನೆಪ. ಬಂದದ್ದು ಜಗಳಕ್ಕೆ.

ಅವಳು ನನ್ನನ್ನು ಎಂದೂ ಯಜಮಾನರೆಂದು ಕರೆದವಳಲ್ಲ. 'ರೀ' ಅನ್ನುತ್ತಿದ್ದಳು, ಕೋಪ ಬಂದರೆ ಅದೂ ಇಲ್ಲ. ಆದರೆ ಮನೆಗೆ ಬಂದು ಬ್ಯಾಗು ಇಳಿಸುವ ಮೊದಲೇ ನಿಮಗೆ ಫೋನು: "ಏನಂತಾರೆ ಯಜಮಾನ್ರು? ಇವತ್ತೂ ಬಾಯಿ ಬಿಡ್ಲಿಲ್ವಾ? ಇರ್ಲಿ, ನಾಳೆ ನಾನೇ ಬಂದು ಮಾತಾಡಿಸ್ತೀನಿ!" ಆಮೇಲೆ ನಗು. ಎದುರಿನವರನ್ನೇ ಮೂರನೆಯವರಂತೆ ಕರೆದು ರೇಗಿಸುವುದುಂಟಲ್ಲ, ಹಾಗೆ ನಿಮ್ಮನ್ನೇ ಯಜಮಾನರೆನ್ನುತ್ತಿದ್ದಾಳೆ ಎಂದುಕೊಂಡೆ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಬಾಯಾರದಿದ್ದರೂ ನೀರು ಕುಡಿಯುತ್ತಿದ್ದೆ. ಹಾಲಿನಂಥ ಸಂಸಾರಕ್ಕೆ ಹುಳಿ ಹಿಂಡಿದವರು ನೀವೇ ಎಂದು ತೀರ್ಮಾನವಾಗಿತ್ತು. ಕಾಲೇಜಿನ ಇಂಗ್ಲಿಷಿನಲ್ಲಿ ಜೆಲಸ್, ಝೆಲಸ್ ಎಂದು ಎರಡಿದ್ದವು. ಒಂದು ಒಳ್ಳೆಯದು, ಒಂದು ಕೆಟ್ಟದ್ದು. ಯಾವುದು ಯಾವುದೋ ಮರೆತಿದ್ದೇನೆ. ನನಗಿದ್ದದ್ದು ಕೆಟ್ಟದ್ದು.

ನಾನು ಬಾಯಿ ತೆರೆಯುವ ಮೊದಲೇ ನೀವು, "ಬನ್ನಿ ಸಾರ್, ಯಜಮಾನ್ರನ್ನ ತೋರಿಸ್ತೀನಿ" ಎಂದಿರಿ. ಗಾಜಿನ ನಳಿಗೆಯೊಂದನ್ನು ಬೆಳಕಿಗೆ ಹಿಡಿದಿರಿ. ತಿಳಿನೀರು, ತಳದಲ್ಲಿ ಬೂದಿಯಂಥದ್ದೇನೋ. ಕೂದಲೆಳೆಯನ್ನು ಸಾವಿರ ಸೀಳು ಸೀಳಿದರೂ ಅದಕ್ಕಿಂತ ಸಣ್ಣ ಡಬ್ಬಿಗಳಂತೆ ಅವು, ಅವುಗಳ ಹೊಟ್ಟೆಯೊಳಗೆ ಮದ್ದು. ರಕ್ತದಲ್ಲಿ ಸಾಗುವಾಗ ತುಟಿ ಪಿಟಕ್ಕೆನ್ನವು. ಕ್ಯಾನ್ಸರ್ ಗಡ್ಡೆಯ ಸುತ್ತ ಒಂಚೂರು ಹುಳಿ ಇರುತ್ತದಂತೆ. ಅದು ತಾಗಿದರೆ ಸಾಕು, ಒಳಗಿದ್ದದ್ದೆಲ್ಲ ಹೊರಗೆ. ಹುಳಿಯ ಅಳತೆಗೆ ಪಿಎಚ್ ಅಂದಿರಿ. ಅದು ಪಿಎಚ್‌ಡಿಯ ಅರ್ಧ ಇರಬೇಕೆಂದು ತಲೆಯಾಡಿಸಿದೆ.

ನೀವು ಎರಡು ಹನಿ ಹುಳಿ ಬಿಟ್ಟಿರಿ. ಮದ್ದಿನ ಬದಲು ತುಂಬಿದ್ದ ಕೆಂಪು ಬಣ್ಣ ತಳದಿಂದ ಮೆಲ್ಲಗೆ ಎದ್ದಿತು.

"ಮೇಡಂ ಇಟ್ಟ ಹೆಸರು ಸಾರ್. 'ಸಿಹಿ ಮಾತಿಗೆ ಬಗ್ಗಲ್ಲ, ಹುಳಿ ಹಿಂಡಿದ್ರೆ ಮಾತ್ರ ಬಾಯಿ ಬಿಡ್ತಾರೆ, ಥೇಟ್ ನಮ್ಮ ಯಜಮಾನ್ರು' ಅಂತಿದ್ರು."

ನಾನು ಗೋಡೆಗೆ ತಿರುಗಿ ನಿಂತೆ. ಅಳುತ್ತಿದ್ದೇನೆಂದು ನೀವು ಕುರ್ಚಿ ಎಳೆದಿರಿ. ನಗುತ್ತಿದ್ದೆ ಸ್ವಾಮಿ. ಕುರ್ಚಿ ಬಂದ ಮೇಲೆ ಅತ್ತದ್ದು.

ಅಷ್ಟಕ್ಕೇ ಹೊಟ್ಟೆಕಿಚ್ಚು ಆರಿತೆಂದುಕೊಳ್ಳಬೇಡಿ. ಮನೆಗೆ ಬಂದ ಮೇಲೆ ಇನ್ನೂ ಹೆಚ್ಚಾಗಿದೆ. ಬೆಳಗ್ಗೆಯಿಂದ ಸಂಜೆಯವರೆಗೆ ಅವಳು ಆ ಡಬ್ಬಿಗಳ ನೆಪದಲ್ಲಿ ನನ್ನನ್ನು ಬೈದಿದ್ದಾಳೆ, ಅಣಕಿಸಿದ್ದಾಳೆ, ಮುದ್ದು ಮಾಡಿದ್ದಾಳೆ. ಎಲ್ಲ ಬಿದ್ದದ್ದು ನಿಮ್ಮ ಕಿವಿಗೆ! ನನ್ನ ಪಾಲಿಗೆ ಬಂದದ್ದು 'ರೀ, ಊಟಕ್ಕೆ ಬನ್ನಿ'. ಆ ಮಾತುಗಳು ನನ್ನವು. ಭಾನುವಾರ ಬನ್ನಿ, ಒಂದೂ ಬಿಡದೆ ಹೇಳಿ. ಬೈಗುಳವನ್ನು ಮೊದಲು ಹೇಳಿ. ಅವಳು ಹೇಗೆ ಹೇಳುತ್ತಿದ್ದಳೋ ಹಾಗೇ.

ನಿಮ್ಮ ಡಬ್ಬಿಗಳು ದಾರಿಯಲ್ಲೆಲ್ಲೂ ಬಾಯಿ ಬಿಡದೆ, ಬಿಡಬೇಕಾದಲ್ಲಿ ಬಿಡಲಿ. ನೂರುಕಾಲ ಬಾಳಿ.

ಇಂತಿ,
ಅಸಲಿ ಯಜಮಾನ