ಸಾಕ್ಷಿ ಸುಳ್ಳಾಗಬಾರದೆಂದು ಗುಳಿಗೆ ಬಿಟ್ಟವಳ ಪರವಾಗಿ

ನಮ್ಮ ಕನ್ನಡ ಕ್ರೈಸ್ತ ಸಭೆಯ ಪಾಲಕರೇ,

ನನ್ನ ತಂಗಿ ನೀರಜಾ ತನ್ನ ಮನಸ್ಸಿನ ಕಾಯಿಲೆಯ ಗುಳಿಗೆ ನುಂಗುತ್ತಿಲ್ಲ. ನುಂಗಲು ನಿಮ್ಮ ಅಪ್ಪಣೆ ಬೇಕಂತೆ. ಇಷ್ಟೊಂದು ಮನೋವೈದ್ಯರಿರುವ ಪುಣೆಯಲ್ಲಿ ಒಬ್ಬ ಹೆಂಗಸಿನ ಔಷಧಿ ನಿಮ್ಮ ಬಾಯಿಮಾತಿಗೆ ಕಾದು ಕೂತಿದೆ. ಈ ಬಹಿರಂಗ ಪತ್ರಕ್ಕೆ ಅದೊಂದೇ ಕಾರಣ. ನಿಮ್ಮೊಡನೆ ಮಾತನಾಡುವ ಆಸೆ ನನಗೆ ಬೇರಾವ ವಿಷಯದಲ್ಲೂ ಉಳಿದಿಲ್ಲ.

ಹೊರಗಿನ ಓದುಗರಿಗೆ ಒಂದು ಮಾತು ಹೇಳಬೇಕು. ಪುಣೆಯ ಕ್ಯಾಂಪ್ ಬಡಾವಣೆಯ ಬಾಡಿಗೆ ಸಭಾಂಗಣದಲ್ಲಿ ನಮ್ಮ ಆರಾಧನೆ. ಅಲ್ಲಿ ಪ್ರತಿ ಭಾನುವಾರ, ದೇವರಿಂದ ಗುಣ ಕಂಡವರು ಎಲ್ಲರೆದುರು ನಿಂತು ಸಾಕ್ಷಿ ಹೇಳುತ್ತಾರೆ. ಸಭೆ ‘ಸ್ತೋತ್ರ’ ಎನ್ನುತ್ತದೆ. ತಪ್ಪೇನಿಲ್ಲ. ಪ್ರಾರ್ಥನೆಯಿಂದ ನೀರಜಾಳಿಗೆ ನೆಮ್ಮದಿ ಸಿಗುತ್ತಿದ್ದುದನ್ನು ನಾನೇ ಕಂಡಿದ್ದೇನೆ. ಹಾಡಿ ಬಂದ ರಾತ್ರಿ ಅವಳು ಚೆನ್ನಾಗಿ ನಿದ್ದೆ ಮಾಡುತ್ತಿದ್ದಳು. ಆದರೆ ಹಾಡಿನ ಜೊತೆಗೆ ಗುಳಿಗೆಯೂ ಇತ್ತು. ಅದನ್ನು ನೀವು ಸಹಿಸಲಿಲ್ಲ. ಈಸ್ಟರ್ ಕಳೆದ ಮೇಲೆ ಒಂದು ಭಾನುವಾರ ಅವಳ ಕೈಗೆ ಮೈಕು ಕೊಟ್ಟು, “ಬಿಡುಗಡಿ ಆತು ಅಂತ ಹೇಳವ್ವಾ, ನಾಚಬ್ಯಾಡ” ಎಂದು ಹೇಳಿಕೊಟ್ಟಿರಿ. ಅವಳು ಹೇಳಿದಳು. ಹೇಳಿ ಮರೆತುಬಿಡುತ್ತಾಳೆಂದು ಎಣಿಸಿದ್ದಿರೇನೋ. ಪುಣೆ ಹತ್ತಿರದ ದೌಂಡ್ ಜಂಕ್ಷನ್ನಿನಲ್ಲಿ ರೈಲ್ವೆ ಗಾರ್ಡ್ ಆಗಿದ್ದ ನಮ್ಮ ತಂದೆ, ದೇವರೆದುರು ಆಡಿದ ಮಾತನ್ನು ಉಳಿಸಿಕೊಳ್ಳಬೇಕೆಂದು ಕಲಿಸಿ ಬೆಳೆಸಿದವರು. ಅವರ ಮಗಳು ಮನೆಗೆ ಬಂದವಳೇ ಗುಳಿಗೆಗಳನ್ನೆಲ್ಲ ಮೋರಿಗೆ ಸುರಿದಳು.

“ಇದೇನ ಮಾಡಿದಿ ನೀರಜಾ?” ಎಂದೆ.

“ಗುಣ ಆತು ಅಂತ ಎಲ್ಲಾರ ಮುಂದ ಹೇಳೀನಿ ಅಣ್ಣಾ. ಈಗ ಗುಳಿಗಿ ತಗೊಂಡ್ರ ನಾ ಹೇಳಿದ್ದು ಸುಳ್ಳಾಗ್ತದಲ್ಲ?”

ನೀವು ಹೇಳಿಸಿದ ಸುಳ್ಳನ್ನು ನಿಜ ಮಾಡಲು ಅವಳು ತನ್ನ ಮನಸ್ಸನ್ನೇ ಒತ್ತೆಯಿಟ್ಟಳು. ಮೊದಲು ನಿದ್ದೆ ಹೋಯಿತು, ಆಮೇಲೆ ಊಟ, ಆಮೇಲೆ ಮಾತು. ಕೊನೆಗೆ ಪುಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನ ಅಂಚಿನಿಂದ ಒಬ್ಬ ಹಮಾಲ ಅವಳನ್ನು ತೋಳು ಹಿಡಿದು ಹಿಂದಕ್ಕೆಳೆದ. ಅವಳನ್ನು ಆಸ್ಪತ್ರೆಗೆ ಸೇರಿಸಿ ನಿಮ್ಮ ಮನೆಗೆ ಬಂದೆ. “ಆಕೀ ವಿಶ್ವಾಸ ಕಡಿಮಿ ಬಿತ್ರಿ” ಎಂದಿರಿ. ಆಮೇಲೆ ಊಟಕ್ಕೆ ಕೂತು, ನಿಮ್ಮ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಬಹಳ ಶ್ರದ್ಧೆಯಿಂದ ನುಂಗಿದಿರಿ. ನಿಮ್ಮ ರಕ್ತಕ್ಕೆ ಸಲ್ಲುವ ಔಷಧಿ ಅವಳ ಮಿದುಳಿಗೆ ಮಾತ್ರ ಹೇಗೆ ಪಾಪವಾಯಿತು? ನಿಮ್ಮ ಸಕ್ಕರೆಯ ಬಗ್ಗೆ ನೀವೇಕೆ ಇನ್ನೂ ಸಾಕ್ಷಿ ಹೇಳಿಲ್ಲ?

ಬೇರೆ ದೇಶಗಳಿಂದ ಕನ್ನಡಕ್ಕೆ ಬಂದ ಕಾದಂಬರಿಗಳಲ್ಲಿ ನಾನು ಬಗೆಬಗೆಯ ಪಾದ್ರಿಗಳನ್ನು ಕಂಡಿದ್ದೇನೆ. ಅವರಲ್ಲಿ ಕುಡುಕರಿದ್ದಾರೆ, ಜಿಪುಣರಿದ್ದಾರೆ. ಆದರೂ ತಮ್ಮ ಮಾತು ಒಂದು ಮನೆಯಲ್ಲಿ ಏನು ಮಾಡಿತೆಂದು ನೋಡಲು ಒಮ್ಮೆಯಾದರೂ ಬಾಗಿಲು ತಟ್ಟುತ್ತಾರೆ. ನೀವು ಅಷ್ಟೂ ಮಾಡಲಿಲ್ಲ. ನಿಮ್ಮನ್ನು ಖಳನಾಯಕನೆಂದು ಕರೆಯಲು ನನಗೆ ಸಂಕೋಚ. ಆ ಪಾತ್ರಕ್ಕೂ ಸ್ವಲ್ಪ ಯೋಚನೆ ಬೇಕಾಗುತ್ತದೆ.

ಆಸ್ಪತ್ರೆಯಲ್ಲಿ ನರ್ಸು ಎದುರಿಗೆ ನಿಂತು ನುಂಗಿಸುತ್ತಿದ್ದರು. ಈಗ ಮನೆಗೆ ಬಂದಿದ್ದಾಳೆ, ಗುಳಿಗೆ ಕೊಟ್ಟರೆ ಬಾಯಿ ತೆರೆಯುವುದಿಲ್ಲ. ವೈದ್ಯರು ಹೇಳಿ ಆಯಿತು, ನಾನು ಬೇಡಿಕೊಂಡೂ ಆಯಿತು. “ಪಾಸ್ಟರ್ ಹೇಳ್ಲಿ, ಎಲ್ಲಾರ ಮುಂದ. ಆಮ್ಯಾಲೆ ತಗೋತೀನಿ” ಎನ್ನುತ್ತಾಳೆ.

ಆದ್ದರಿಂದ ಬರುವ ಭಾನುವಾರ ಅದೇ ಮೈಕು ಹಿಡಿದು ಹೇಳಿ: ಆ ಸಾಕ್ಷಿ ಹೇಳಿಸಿದವನು ನಾನು, ತಪ್ಪು ನನ್ನದು, ಔಷಧಿ ತೆಗೆದುಕೊಳ್ಳುವುದು ಅವಿಶ್ವಾಸವಲ್ಲ. ಪ್ರಾರ್ಥನೆಯಲ್ಲಿ ಸುತ್ತಿ ಹೇಳಬೇಡಿ. ಅವಳ ಮುಖ ನೋಡಿ ಹೇಳಿ. ನೀರಜಾಳನ್ನು ನಾನೇ ಕರೆತರುತ್ತೇನೆ, ನೀರೂ ಗುಳಿಗೆಯೂ ನನ್ನ ಚೀಲದಲ್ಲಿರುತ್ತವೆ. ನಿಮ್ಮ ಮಾತಿನ ಮೇಲೆ ನನಗೆ ಎಳ್ಳಷ್ಟೂ ನಂಬಿಕೆಯಿಲ್ಲ. ಅವಳಿಗೆ ಇನ್ನೂ ಇದೆ. ಅವಳು ಬದುಕಿರುವಾಗಲೇ ಆ ನಂಬಿಕೆಯನ್ನು ಒಮ್ಮೆ ಒಳ್ಳೆಯದಕ್ಕೆ ಬಳಸಿ.

ಇಂತಿ,
ನಿಮ್ಮನ್ನೇ ಬೇಡಬೇಕಾಗಿ ಬಂದ,
ನೀರಜಾಳ ಅಣ್ಣ