ಚನ್ನರಾಯಪಟ್ಟಣದ ಬಚ್ಚಲಿನ ಸುದ್ದಿ ಹಾಸನಕ್ಕೆ ಮುಟ್ಟಿದ್ದು ಅಪರಾಧವೇ?

ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ ಹಾಸನದ ಕಾಲೇಜೊಂದರಲ್ಲಿ ಅಪಾಯ ನಿರ್ವಹಣಾಧಿಕಾರಿಯಾಗಿರುವ ನೀಲಾಂಬಿಕೆಯವರಿಗೆ ಕಾರಣ ಕೇಳಿ ನೋಟಿಸ್ ಕೊಟ್ಟಿದ್ದೀರಿ. ಅವರು ಮಾಡಿದ ತಪ್ಪು, ಹೆಣ್ಣುಮಕ್ಕಳ ಹಾಸ್ಟೆಲ್ಲಿನ ಬಚ್ಚಲಿಗೆ ಗಾಳಿ ಬರುವಂತೆ ಮಾಡಿದ್ದು. ಕ್ಷಮಿಸಿ, ನಿಮ್ಮ ಭಾಷೆಯಲ್ಲೇ ಹೇಳುತ್ತೇನೆ: ‘ಅನ್ಯ ಕಾಲೇಜಿನ ಆಂತರಿಕ ಮಾಹಿತಿಯನ್ನು ಅನಧಿಕೃತ ಮೂಲದಿಂದ ಪಡೆದು ಅದರ ಆಧಾರದ ಮೇಲೆ ಕ್ರಮ ಕೈಗೊಂಡಿದ್ದು.’ ಬರುವ ಸೋಮವಾರ ಅವರು ನಿಮ್ಮ ವಿಚಾರಣಾ ಸಮಿತಿಯ ಮುಂದೆ ಆ ಮೂಲದ ಹೆಸರು ಹೇಳಬೇಕು. ಹೇಳಿದರೆ ಇನ್ನೊಬ್ಬರ ನೌಕರಿಗೆ ಕುತ್ತು, ಹೇಳದಿದ್ದರೆ ಅವರದಕ್ಕೇ.

ನಾನು ಹೊಳೆನರಸೀಪುರದ ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದು ನಿವೃತ್ತನಾದವನು. ಹಿಂದೆ ಪರಿಶೀಲನಾ ಸಮಿತಿಗಳು ಬರುತ್ತಿದ್ದ ವೈಭವವನ್ನು ಕಣ್ಣಾರೆ ಕಂಡಿದ್ದೇನೆ. ಸಮಿತಿ ಬರುವ ಹಿಂದಿನ ದಿನ ಪಕ್ಕದ ತಾಲ್ಲೂಕಿನ ಕಾಲೇಜಿನ ಸೂಕ್ಷ್ಮದರ್ಶಕಗಳು ಕೆಂಪು ಬಸ್ಸಿನಲ್ಲಿ ಕೂತು ನಮ್ಮೂರಿಗೆ ಬರುತ್ತಿದ್ದವು. ಸಮಿತಿ ಹೊರಟ ಮೇಲೆ ಅವೂ ಮುಂದಿನ ಊರಿಗೆ ಹೊರಡುತ್ತಿದ್ದವು. ಪೇಟ, ಶಾಲು, ಹೋಳಿಗೆ ಊಟ ಆದ ಮೇಲೆ ಸಮಿತಿಯವರ ಕಣ್ಣಿಗೆ ಬೀಳುತ್ತಿದ್ದ ಕೊರತೆಯೆಂದರೆ ಮಧ್ಯಾಹ್ನದ ನಿದ್ದೆಯೊಂದೇ.

ಅದನ್ನು ನಿಲ್ಲಿಸಿದ್ದು ನೀವಲ್ಲ, ನಿಮಗಿಂತ ಹಿಂದಿನವರೂ ಅಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಾಲೇಜುಗಳ ಆಡಿಟರುಗಳು ಮತ್ತು ಅಪಾಯ ನೋಡಿಕೊಳ್ಳುವ ಅಧಿಕಾರಿಗಳು ತಾವೇ ಕಟ್ಟಿಕೊಂಡ ಒಂದು ಬಳಗ. ಅದಕ್ಕೆ ಅಧ್ಯಕ್ಷರಿರಲಿಲ್ಲ, ಬ್ಯಾನರ್ ಇರಲಿಲ್ಲ. ಒಬ್ಬರ ಕಾಲೇಜನ್ನು ಇನ್ನೊಬ್ಬರು ನೋಡುತ್ತಿದ್ದರು. ನೋಡಲು ಹೋದ ಕಡೆ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ, ಬುತ್ತಿ ಮನೆಯಿಂದಲೇ. ಅರಕಲಗೂಡಿನ ಗೌರೀಶ ಎಂಬ ಆಡಿಟರು (ಈಗ ನಿವೃತ್ತರು, ಹೆಸರು ಹೇಳಲು ಅಡ್ಡಿಯಿಲ್ಲ) ನಮ್ಮ ಪ್ರಾಂಶುಪಾಲರು ಊಟಕ್ಕೆ ಎಳೆದಾಡಿದಾಗ ಕೈಮುಗಿದು ಅಂದಿದ್ದರು: “ಬ್ಯಾಡಿ ಸಾ. ನಿಮ್ಮ ಬಾಡೂಟ ಹೊಟ್ಟೆಗೋದ್ರೆ ನಿಮ್ಮ ಬಿಲ್ಲು ಕಣ್ಣಿಗೆ ಬೀಳಾಕಿಲ್ಲ.”

ಬಳಗ ಸರದಿಯ ಮೇಲೆ ಊರೂರಲ್ಲಿ ಸೇರುತ್ತಿತ್ತು. ನಮ್ಮೂರಿನ ಸರದಿ ಬಂದಾಗ ನನ್ನ ಗ್ರಂಥಾಲಯದ ಓದುವ ಕೋಣೆಯಲ್ಲಿ. ಅಲ್ಲಿ ಒಂದು ಪದ್ಧತಿಯಿತ್ತು. ತಮ್ಮ ಕಾಲೇಜಿನಲ್ಲಿ ಕೂದಲೆಳೆಯಲ್ಲಿ ತಪ್ಪಿದ ಅನಾಹುತವನ್ನು ಪ್ರತಿಯೊಬ್ಬರೂ ಹೇಳಲೇಬೇಕು, ಆದರೆ ಊರಿನ ಹೆಸರು ಹೇಳದೆ, ಅಜ್ಜಿಕತೆಯ ಹಾಗೆ. “ಒಂದೂರಲ್ಲಿ ಒಂದು ಲ್ಯಾಬು ಇತ್ತಂತೆ” ಎಂದು ಶುರುವಾದರೆ ಎಲ್ಲರೂ ನಗುತ್ತಿದ್ದರು, ಯಾವ ಊರು ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿಸಿಕೊಂಡವರು ಮರುದಿನ ತಮ್ಮ ಕಾಲೇಜಿಗೆ ಹೋಗಿ ಅದೇ ಮೂಲೆಯನ್ನು ನೋಡುತ್ತಿದ್ದರು. ಸೂಕ್ಷ್ಮದರ್ಶಕಗಳ ಬಸ್ ಪ್ರಯಾಣ ನಿಂತದ್ದೂ ಇಂಥದೇ ಒಂದು ಕತೆಯಿಂದ.

ಕಳೆದ ಚಳಿಗಾಲದಲ್ಲಿ ಹೀಗೆ ಒಬ್ಬರು ಹೇಳಿದರು: ಒಂದೂರಿನ ಹಾಸ್ಟೆಲ್ಲಿನಲ್ಲಿ ಬಚ್ಚಲಿನೊಳಗೇ ಗ್ಯಾಸ್ ಗೀಸರ್ ಕೂರಿಸಿದ್ದರಂತೆ, ಗಾಳಿಗಿಂಡಿ ಇರಲಿಲ್ಲವಂತೆ, ಸ್ನಾನಕ್ಕೆ ಹೋದ ಹುಡುಗಿ ಪ್ರಜ್ಞೆತಪ್ಪಿ ಬಿದ್ದಳಂತೆ. ಬಾಗಿಲು ಒಡೆದದ್ದರಿಂದ ಬದುಕಿದಳು. ಆ ಊರು ಚನ್ನರಾಯಪಟ್ಟಣ ಎಂದು ನಾನು ಬರೆಯುತ್ತಿರುವುದು, ನಿಮ್ಮ ನೋಟಿಸಿನಲ್ಲಿ ನೀವೇ ಅದನ್ನು ಬರೆದಿರುವುದರಿಂದ. ಆಂತರಿಕ ಮಾಹಿತಿಯನ್ನು ಹೊರಗೆ ಹಾಕಿದವರಿಗೆ ಶಿಕ್ಷೆಯಾಗಬೇಕಾದರೆ ಸರದಿಯಲ್ಲಿ ತಾವೇ ಮೊದಲು.

ನೀಲಾಂಬಿಕೆ ಆ ಸಂಜೆಯೇ ತಮ್ಮ ಹಾಸ್ಟೆಲ್ಲಿಗೆ ಹೋದರು. ನನ್ನ ಮೊಮ್ಮಗಳು ಮಾನ್ಯ ಇರುವುದು ಅಲ್ಲೇ. ಅಲ್ಲೂ ಗ್ಯಾಸ್ ಗೀಸರ್ ಬಚ್ಚಲಿನೊಳಗೇ. ಗಾಳಿಗಿಂಡಿಗಳೇನೋ ಇದ್ದವು, ಆದರೆ ಎಲ್ಲಕ್ಕೂ ಪ್ಲೈವುಡ್ ಬಡಿದಿತ್ತು. ವಾರ್ಡನ್ ಅಡ್ಡ ನಿಂತರಂತೆ. “ಎದುರು ಬಿಲ್ಡಿಂಗಲ್ಲಿ ಹುಡುಗ್ರವ್ರೆ ಮೇಡಂ. ನಾಳೆ ಹೆತ್ತೋರು ಬಂದು ಕೇಳುದ್ರೆ ನೀವು ಬತ್ತೀರಾ ಉತ್ತರ ಕೊಡಾಕೆ?”

“ಅದಕ್ಕೆ ನಾಳೆ ಪರದೆ ಹಾಕ್ಸನ. ಇವತ್ತು ಹಲಗೆ ಕೀಳ್ಸಿ. ಗೀಸರ್ ಹೊರಗೆ ಹೋಗೋವರ್ಗೂ ಯಾರೂ ಹಚ್ಚಂಗಿಲ್ಲ.”

ಹುಡುಗಿಯರು ವಾರವಿಡೀ ತಣ್ಣೀರು ಸುರಿದುಕೊಂಡು ಆಕೆಯನ್ನು ಶಪಿಸಿದರು. ನನ್ನ ಮೊಮ್ಮಗಳ ಶಾಪವೂ ಅದರಲ್ಲಿ ಸೇರಿತ್ತು. ಆಮೇಲೆ ಒಂದು ದಿನ ಫೋನಿನಲ್ಲಿ ಅಂದಳು, “ತಾತ, ಬೆಳಿಗ್ಗೆ ಬೆಳಿಗ್ಗೆ ತಲೆನೋವು ಬರ್ತಿತ್ತಲ್ಲ, ಈಗ ಬರ್ತಾನೇ ಇಲ್ಲ ಕಣೋ.” ಪರೀಕ್ಷೆಯ ಭಯಕ್ಕೆ ತಲೆನೋವು ಎಂದು ಅವಳಿಗೆ ಬುದ್ಧಿ ಹೇಳಿದ್ದ ಮನೆಯವರು ನಾವು. ಗೀಸರ್ ಉಗುಳುವ, ಬಣ್ಣ ವಾಸನೆ ಇಲ್ಲದ ವಿಷಗಾಳಿಯೊಂದು ದಿನವೂ ಅವಳ ಜೊತೆ ಸ್ನಾನಕ್ಕಿಳಿಯುತ್ತಿತ್ತು ಎಂದು ಯಾರಿಗೆ ಗೊತ್ತಿತ್ತು?

ಇಷ್ಟಾದ ಮೇಲೆ ನಿಮ್ಮ ಸುತ್ತೋಲೆ ಬಂತು. ಬಳಗ ಮಾನ್ಯತೆಯಿಲ್ಲದ್ದು, ಇನ್ನು ಸೇರಕೂಡದು, ಒಂದು ಕಾಲೇಜಿನವರು ಇನ್ನೊಂದರವರ ಜೊತೆ ಇಂಥ ವಿಷಯ ಮಾತಾಡಕೂಡದು. ಬದಲಿಗೆ ಪೋರ್ಟಲ್ ಇದೆ: ಪ್ರತಿ ಅಪಾಯಕ್ಕೂ ಹಸಿರು, ಹಳದಿ, ಕೆಂಪು ಬಣ್ಣ ಹಚ್ಚಬೇಕು, ಕೆಂಪು ಹಚ್ಚಿದ ಕಾಲೇಜಿನ ಪ್ರಾಂಶುಪಾಲರು ನಿಮ್ಮ ಮುಂದೆ ಬಂದು ವಿವರಣೆ ಕೊಡಬೇಕು. ಜಿಲ್ಲೆಯೆಲ್ಲ ಈಗ ಹಸಿರು. ಕಾವೇರಿ ಹೇಮಾವತಿ ಸೇರಿಯೂ ಇಷ್ಟು ಹಸಿರು ಮಾಡಿರಲಿಲ್ಲ. ಜೊತೆಗೆ ದೆಹಲಿಯ ಯಾವುದೋ ಸಂಘದ ಆನ್‌ಲೈನ್ ಸದಸ್ಯತ್ವ, ‘ಅಪಾಯ ನಿರ್ವಹಣೆಯ ಭವಿಷ್ಯ’ದ ಬಗ್ಗೆ ಉಪನ್ಯಾಸ, ಕೊನೆಗೊಂದು ಪ್ರಮಾಣಪತ್ರ. ನನಗೆ ಅದರ ಮೇಲೆ ದ್ವೇಷವಿಲ್ಲ. ಆದರೆ ದೆಹಲಿಯ ಉಪನ್ಯಾಸಕರು ನಮ್ಮ ವಾರ್ಡನ್ನಿನ ಪ್ಲೈವುಡ್ ಬಗ್ಗೆ ಯಾವತ್ತು ಹೇಳಿಯಾರು? ತಪ್ಪು ಒಪ್ಪಿಕೊಂಡವನಿಗೆ ಏನೂ ಆಗುವುದಿಲ್ಲ ಎಂಬ ಒಂದೇ ಭರವಸೆಯ ಮೇಲೆ ಬಳಗ ನಿಂತಿತ್ತು. ನಿಮ್ಮ ನೋಟಿಸ್ ಬಿದ್ದಿರುವುದು ಅದರ ಮೇಲೆ. ನನಗೆ ಸಿಟ್ಟು ಬರಬೇಕಿತ್ತು. ವಯಸ್ಸಾಯಿತು, ಬೇಸರ ಮಾತ್ರ ಬರುತ್ತಿದೆ.

ಮೊನ್ನೆ ಹಾಸನಕ್ಕೆ ಹೋಗಿ ನೀಲಾಂಬಿಕೆಯವರನ್ನು ಕಂಡೆ. “ಹೆಸರು ಹೇಳಿ ಕೈ ತೊಳ್ಕೊಳಮ್ಮ. ನಿನಗೂ ಸಂಸಾರ ಇದೆ,” ಅಂದೆ.

“ಹೇಳಿದ್ರೆ ಇನ್ಮುಂದೆ ಯಾರು ಸಾರ್ ಬಾಯಿ ಬಿಡ್ತಾರೆ?” ಅಂದರು.

ಅಷ್ಟರಲ್ಲಿ ಮೇಜಿನ ಮೇಲಿದ್ದ ಅವರ ಫೋನ್ ಬಡಿದುಕೊಂಡಿತು. ಪರದೆಯ ಮೇಲೆ ‘ಕೊಣನೂರು ಹಾಸ್ಟೆಲ್’ ಎಂದಿತ್ತು. ಅವರು ನೋಡಿದರು, ಎತ್ತಲಿಲ್ಲ.

“ಯಾಕಮ್ಮ?”

“ಅಲ್ಲಿಗೂ ಹೊಸ ಗೀಸರ್ ಬರ್ತಾವೆ ಅಂತ ಕೇಳಿದ್ದೆ. ಎಲ್ಲಿ ಹಾಕ್ಸೋದು ಅಂತ ಕೇಳಕ್ಕೇ ಇರಬೇಕು. ಮಾತಾಡಂಗಿಲ್ವಲ್ಲ ಸಾರ್. ಸೋಮವಾರ ಇದನ್ನೂ ಸೇರಿಸ್ತಾರೆ.” ಫೋನ್ ಬಡಿದುಕೊಂಡು ತಾನಾಗಿ ನಿಂತಿತು. ಅವರು ಅದನ್ನು ಬೋರಲು ಹಾಕಿ ಕೂತರು. ನಿಮ್ಮ ಸುತ್ತೋಲೆ ಚೆನ್ನಾಗಿಯೇ ಜಾರಿಯಾಗುತ್ತಿದೆ, ಅಭಿನಂದನೆಗಳು.

ಸೋಮವಾರಕ್ಕೆ ಮುಂಚೆ ನೋಟಿಸನ್ನು ಹಿಂತೆಗೆದುಕೊಳ್ಳಿ. ಬಳಗದವರು ಮೊದಲಿನಂತೆ ತಮ್ಮ ಬುತ್ತಿ ಕಟ್ಟಿಕೊಂಡು ಸೇರಲಿ. ನಿಮ್ಮ ಮಾನ್ಯತೆಯನ್ನು ಅವರು ಕೇಳಿಲ್ಲ. ಇದಕ್ಕೆಲ್ಲ ಕಡತ ಏಳಬೇಕು, ಸಹಿ ಬೀಳಬೇಕು, ಗೊತ್ತು. ಆದ್ದರಿಂದ ಈ ಪತ್ರ ಓದಿದ ತಕ್ಷಣ ಒಂದು ಕೆಲಸ ಮಾಡಿ: ಕೊಣನೂರಿಗೆ ನೀವೇ ಫೋನ್ ಮಾಡಿ. ಹಾಸನಕ್ಕೆ ಕರೆ ಮಾಡಿದ್ದು ಯಾರೆಂದು ಕೇಳಬೇಡಿ. ಗೀಸರನ್ನು ಬಚ್ಚಲಿನ ಒಳಗೆ ಹಾಕಿಸುತ್ತಿದ್ದೀರೋ ಹೊರಗೋ ಎಂದು ಕೇಳಿ.

ಇಂತಿ,
ಮೊಮ್ಮಗಳ ತಲೆನೋವಿಗೆ ಅಮೃತಾಂಜನ ಕಳಿಸುತ್ತಿದ್ದ,
ಷಡಕ್ಷರಿ
ಹೊಳೆನರಸೀಪುರ