ಅವನ ಕೈಯಲ್ಲಿದ್ದ ನನ್ನ ಮಗು

ಜುಲೈ ೧೯, ಶುಕ್ರವಾರ. ರಾತ್ರಿ ಎರಡು ಗಂಟೆ.

ಸರ್ಕಾರ ಉಳಿಯಿತು, ಒಂದೇ ಮತದಿಂದ. ಆ ಮತ ನಮ್ಮ ಸಂಸದನದು. ನಮ್ಮ ಆಸ್ಪತ್ರೆಯ ಮಕ್ಕಳ ವಾರ್ಡಿಗೆ ಬೀಗ ಹಾಕಿಸಿದ ಸರ್ಕಾರವನ್ನು ಬೀಳಿಸಿಯೇ ತೀರುತ್ತೇನೆ ಅಂತ ನನ್ನ ಮಗಳನ್ನು ಎತ್ತಿಕೊಂಡು ಆಣೆ ಮಾಡಿದವನು! ಆ ಫೋಟೋವನ್ನೇ ಊರ ತುಂಬ ಅಂಟಿಸಿದ. ನಾನೂ ಹಿಗ್ಗಿ ಹೀರೇಕಾಯಿಯಾಗಿ ಒಂದು ಪೋಸ್ಟರ್ ತಂದು ತೊಟ್ಟಿಲ ಪಕ್ಕ ಅಂಟಿಸಿದ್ದೆ.

ಟೀವಿ ನೋಡುತ್ತಾ ಅತ್ತೆ, "ಜನ ಓಟು ಹಾಕಿದ್ದು ನಿನ್ನ ಮಗಳ ಮುಖ ನೋಡಿ ಕಣೇ. ಅವಳನ್ನೇ ಕಳಿಸಿದ್ರೆ ಆಗ್ತಿತ್ತು," ಅಂದರು. ನನಗೆ ನಗು ಬರಲಿಲ್ಲ.

ಮಗುವಿಗೆ ಇವತ್ತೂ ಗೊರಗೊರ ಉಸಿರು. ಮಕ್ಕಳ ಡಾಕ್ಟರು ಸಿಗಬೇಕಾದರೆ ಎರಡು ಗಂಟೆ ದಾರಿ. ಗಳಿಗೆಗೊಮ್ಮೆ ಅವಳ ಎದೆ ಮುಟ್ಟಿ ನೋಡುತ್ತಿದ್ದೇನೆ. ಅವನ ಮನೆಯ ಕೂಸಿಗೂ ಹೀಗೇ... ಛೆ, ಕೂಸಿಗೆ ಶಾಪ ಹಾಕಲಾರೆ. ಅವನೊಬ್ಬನಿಗೇ ತಟ್ಟಲಿ.

ಈಗಷ್ಟೇ ಮಗುವಿನ ಉಗುರು ತೆಗೆಯುವ ಕತ್ತರಿಯಿಂದ ಪೋಸ್ಟರಿನಲ್ಲಿದ್ದ ಅವಳನ್ನು ಕತ್ತರಿಸಿ ತೆಗೆದೆ. ಈಗ ಅವನು ತೂತನ್ನು ತಬ್ಬಿಕೊಂಡು ಹಲ್ಲು ಕಿರಿಯುತ್ತಿದ್ದಾನೆ. ಬೆಳಗಾಗಲಿ, ಬಸ್ ನಿಲ್ದಾಣದ ಗೋಡೆಯಲ್ಲಿ ಇನ್ನೂ ನಾಲ್ಕಿವೆ. ಅವಕ್ಕೆ ಬ್ಲೇಡು ಬೇಕು. ಮುಂದಿನ ಸಲ ಓಟು ಕೇಳಲು ಬಂದಾಗ ಊರೆಲ್ಲ ಕೇಳಲಿ, ಮಗು ಎಲ್ಲಯ್ಯಾ ಅಂತ. ಆಗ ನಾನು ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಎದುರಿಗೇ ಹೋಗಿ

ಕೆಮ್ಮುತ್ತಿದ್ದಾಳೆ, ಎದ್ದಳು.